ಕುಂಬಳಕಾಯಿ ಕದಿಯದವರ ಹೆಗಲು

ಕಳೆದ ಶ್ರಾವಣದ ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಸೋದರಮಾವನ ಮನೆಗೆ ಹೋಗಿದ್ದೆ. ಬೆಂಗಳೂರಿನ ವೆಸ್ಟ್ ಆಫ್ ಕಾರ್ಡ್ ರಸ್ತೆಯ ಆಚೆಗಿನ ಹಳೆಯ ಬಡಾವಣೆ, ಹಗಲು ಹೊತ್ತು ಬಾಗಿಲಿಗೆ ಚಿಲಕ ಹಾಕುವ ಅಭ್ಯಾಸವಿಲ್ಲದ ಮನೆ. ಅಂದು ಚಿಲಕ ಬಿದ್ದಿತ್ತು. ಹಿತ್ತಿಲ ಬಾಗಿಲಿನಿಂದ ಒಳಹೊಕ್ಕೆ. ಮನೆಯಲ್ಲಿ ಪಂಚೆ, ಬನಿಯನ್ನು ಬಿಟ್ಟು ಬೇರೇನೂ ತೊಡದ ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿಗೆ ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು ಊಟದ ಮೇಜಿನ ಮುಂದೆ ಕೈಕಟ್ಟಿ ಕುಳಿತಿದ್ದರು. ಸಕ್ಕರೆ ಡಬ್ಬಕ್ಕೆ ಒರಗಿಸಿದ್ದ ಮೊಬೈಲಿನಲ್ಲಿ ಖಾಕಿ ತೊಟ್ಟವನೊಬ್ಬ ಕಾಣುತ್ತಿದ್ದ, ಅವನ ಹಿಂದೆ ರಾಷ್ಟ್ರಧ್ವಜ. ನನ್ನನ್ನು ನೋಡಿದವರೇ ಪಕ್ಕದಲ್ಲಿದ್ದ ಕಾಗದವನ್ನು ಎಳೆದುಕೊಂಡು ಬರೆದರು: ‘ಸಿಬಿಐ. ಮಾತನಾಡಬೇಡ.’ ಮೂವತ್ತಾರು ವರ್ಷ ಕರಿಹಲಗೆಯ ಮೇಲೆ ಬರೆದ ಕೈ. ಆ ನಡುಕದಲ್ಲೂ ಅಕ್ಷರಗಳು ದುಂಡಗಿದ್ದವು.

ನಾನು ಫೋನನ್ನು ಎತ್ತಿಕೊಂಡು ಕರೆಯನ್ನು ಕತ್ತರಿಸಿದೆ. ಮಾವ ಖುಷಿಪಡಲಿಲ್ಲ, ಬೈದರು. ಏನು ಅನಾಹುತ ಮಾಡಿಬಿಟ್ಟೆ, ಈಗ ಜೀಪು ಕಳಿಸುತ್ತಾರೆ ಎಂದು ಅರ್ಧ ಗಂಟೆ ಕಿಟಕಿಯ ಬಳಿಯಿಂದ ಕದಲಲಿಲ್ಲ. ಊಟವಾದ ಮೇಲೆ ಬ್ಯಾಂಕಿಗೆ ಹೋಗಿ ನಿಶ್ಚಿತ ಠೇವಣಿ ಮುರಿಸಿ ‘ಪರಿಶೀಲನೆಗಾಗಿ’ ಅವರು ಹೇಳಿದ ಖಾತೆಗೆ ಹಾಕುವುದೆಂದು ಮಾತಾಗಿತ್ತಂತೆ. ಹಣ ಹೋಗಲಿಲ್ಲ. ಆದರೆ ಆ ಇಸ್ತ್ರಿ ಅಂಗಿ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ನ್ಯಾಯಾಧೀಶರು ವಿಡಿಯೊದಲ್ಲಿ ಬರುತ್ತಾರೆ, ಶಿಸ್ತಾಗಿ ಕುಳಿತಿರಿ ಎಂದಿದ್ದರಂತೆ. ಸುಳ್ಳು ನ್ಯಾಯಾಲಯಕ್ಕೆ ನನ್ನ ಮಾವ ಪೆಟ್ಟಿಗೆಯಿಂದ ಒಳ್ಳೆಯ ಅಂಗಿ ತೆಗೆದು ತೊಟ್ಟಿದ್ದರು.

ಪೊಲೀಸರ ಸೋಗಿನಲ್ಲಿ ವಿಡಿಯೊ ಕರೆಯಲ್ಲೇ ‘ಬಂಧಿಸಿ’ ಹಣ ಕೀಳುವ, ‘ಡಿಜಿಟಲ್ ಅರೆಸ್ಟ್’ ಎಂಬ ಹೆಸರಿನ ಈ ವಂಚನೆಯ ಬಗ್ಗೆ ಎಚ್ಚರಿಕೆಗಳಿಗೆ ಬರವಿಲ್ಲ. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯೇ ಈ ವಿಷಯ ಎತ್ತಿದರು. ವಂಚಕನ ಕರೆಯನ್ನು ನಮ್ಮ ವಿಜಯಪುರದ ವ್ಯಕ್ತಿಯೊಬ್ಬರು ತಾಳ್ಮೆಯಿಂದ ಚಿತ್ರೀಕರಿಸಿದ್ದ ದೃಶ್ಯವನ್ನು ಇಡೀ ದೇಶಕ್ಕೆ ತೋರಿಸಿದರು. ಆಮೇಲೆ ತಿಂಗಳುಗಟ್ಟಲೆ ಯಾರಿಗೆ ಫೋನ್ ಮಾಡಿದರೂ ರಿಂಗಣದ ಬದಲು ಎಚ್ಚರಿಕೆಯ ಧ್ವನಿಯೇ ಮೊದಲು ಕೇಳಿಸುತ್ತಿತ್ತು. ನನ್ನ ಮಾವ ಅದನ್ನು ನೂರಾರು ಸಲ ಕೇಳಿದ್ದಾರೆ. ಪತ್ರಿಕೆಯಲ್ಲಿ ಇಂಥ ಸುದ್ದಿ ಬಂದಾಗ ‘ಎಂಥ ದಡ್ಡರಪ್ಪ’ ಎಂದು ಬೆಳಗಿನ ಕಾಫಿಯ ಜೊತೆ ಛೀಮಾರಿ ಹಾಕಿದ್ದಾರೆ. ಗೊತ್ತಿದ್ದೂ ಸಿಕ್ಕಿಬಿದ್ದರು ಎಂದರೆ ಕೊರತೆ ಮಾಹಿತಿಯದ್ದಲ್ಲ.

ನನ್ನ ಅನುಮಾನ ಇದು: ಈ ಬಲೆಗೆ ಸುಲಭವಾಗಿ ಬೀಳುವವರು ಠಾಣೆಯ ಮೆಟ್ಟಿಲು ಹತ್ತದವರು. ‘ನಮ್ಮ ಮನೆತನದಲ್ಲಿ ಇವತ್ತಿನವರೆಗೆ ಯಾರೂ ಕೋರ್ಟು ಕಚೇರಿ ಅಲೆದಿಲ್ಲ’ ಎಂಬುದು ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಒಡವೆಯಂತೆ ಕಾಪಾಡಿಕೊಂಡು ಬಂದ ಮಾತು. ಮರ್ಯಾದೆಯ ಮಾತು ಅದು, ಒಪ್ಪೋಣ. ಆದರೆ ಅದರ ಇನ್ನೊಂದು ಅರ್ಥ, ಠಾಣೆಯೊಳಗೆ ಏನು ನಡೆಯುತ್ತದೆ, ಸಮನ್ಸ್ ಹೇಗಿರುತ್ತದೆ, ಬಂಧನ ಹೇಗಾಗುತ್ತದೆ ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅವರಿಗೆ ಗೊತ್ತಿರುವ ಪೊಲೀಸ್ ಎಂದರೆ ಸಿನಿಮಾದ ಪೊಲೀಸ್. ವಂಚಕ ಕಟ್ಟಿದ ರಂಗಸಜ್ಜಿಕೆಯೂ ಅದೇ ಸಿನಿಮಾದ್ದು. ಗುರುತು ಹೊಂದದೆ ಇರುತ್ತದೆಯೇ?

‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆಯಲ್ಲಿ ಹೆಗಲು ಮುಟ್ಟಿಕೊಳ್ಳುವವನು ಕದ್ದವನು. ನಮ್ಮಲ್ಲಿ ಹಳೆಯ ಬಗೆಯ ವಂಚನೆ ನಡೆಯುತ್ತಿದ್ದದ್ದೇ ಈ ಗಾದೆಯ ಮೇಲೆ. ಲೋಕಾಯುಕ್ತದ ಅಧಿಕಾರಿ ಎಂದು ಹೇಳಿಕೊಂಡು ಸರ್ಕಾರಿ ನೌಕರರಿಗೆ ಕರೆ ಮಾಡಿ, ‘ನಿಮ್ಮ ಮೇಲೆ ದಾಳಿಗೆ ಸಿದ್ಧತೆಯಾಗಿದೆ’ ಎಂದು ಬೆದರಿಸಿ ಹಣ ಕಿತ್ತವರನ್ನು ಕರ್ನಾಟಕದ ಪೊಲೀಸರು ಎಷ್ಟೋ ಸಲ ಹಿಡಿದಿದ್ದಾರೆ. ಅಲ್ಲಿ ಹೆದರಿದವರಲ್ಲಿ ಕೆಲವರಿಗಾದರೂ ಹೆದರಲು ಕಾರಣವಿತ್ತು ಎಂದುಕೊಳ್ಳಬಹುದು. ಹೊಸ ವಂಚನೆಯ ಚಾತುರ್ಯವೆಂದರೆ ಕುಂಬಳಕಾಯಿಯನ್ನೇ ನೋಡದವನೂ ಹೆಗಲು ಮುಟ್ಟಿ ನೋಡಿಕೊಳ್ಳುವಂತೆ ಮಾಡುವುದು. ನಿಮ್ಮ ಆಧಾರ್ ಸಂಖ್ಯೆ ಬಳಸಿ ಯಾರೋ ಮುಂಬೈಯಲ್ಲಿ ಖಾತೆ ತೆರೆದಿದ್ದಾರೆ, ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ. ನೀವು ತಪ್ಪು ಮಾಡಿದ್ದೀರಿ ಎಂದು ಅವನು ಹೇಳುವುದಿಲ್ಲ, ನಿಮ್ಮ ಹೆಸರಿನಲ್ಲಿ ತಪ್ಪು ನಡೆದಿದೆ ಎನ್ನುತ್ತಾನೆ. ಆಧಾರ್ ಜೆರಾಕ್ಸನ್ನು ಸಿಮ್ ಅಂಗಡಿಯಿಂದ ಛತ್ರದ ಕಚೇರಿಯವರೆಗೆ ಹಂಚಿಕೊಂಡು ಬಂದಿರುವ ಯಾರಿಗೆ ತಾನೇ ‘ಇರಲಾರದು’ ಎನ್ನುವ ಧೈರ್ಯವಿದೆ?

ಆಟದ ಕ್ರಮ ಹೆಚ್ಚು ಕಡಿಮೆ ಒಂದೇ. ಮೊದಲು ಯಂತ್ರದ ಧ್ವನಿ: ನಿಮ್ಮ ಮೊಬೈಲ್ ಸಂಪರ್ಕವನ್ನು ಎರಡು ಗಂಟೆಯಲ್ಲಿ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ಕಡಿತಗೊಳಿಸಲಿದೆ, ವಿವರಕ್ಕೆ ಒಂಬತ್ತು ಒತ್ತಿ. ಅಸಲಿಗೆ ಟ್ರಾಯ್ ಯಾರ ಸಂಪರ್ಕವನ್ನೂ ಕಡಿತಗೊಳಿಸುವುದಿಲ್ಲ, ಹಾಗೆ ಯಾರಿಗೂ ಕರೆ ಮಾಡುವುದೂ ಇಲ್ಲ. ಒಂಬತ್ತು ಒತ್ತಿದವರಿಗೆ ವಿನಯದ ‘ಅಧಿಕಾರಿ’ ಸಿಗುತ್ತಾನೆ. ದೂರು ಮುಂಬೈ ಪೊಲೀಸರಲ್ಲಿದೆ, ಅಲ್ಲಿಗೇ ಸಂಪರ್ಕ ಕೊಡುತ್ತೇನೆ ಎನ್ನುತ್ತಾನೆ. ಅಲ್ಲಿಂದ ವಾಟ್ಸ್‌ಆಪ್ ವಿಡಿಯೊ, ಖಾಕಿ, ಧ್ವಜ, ಗುರುತಿನ ಚೀಟಿ, ಮೊಹರು ಬಿದ್ದ ವಾರಂಟು. ಒಬ್ಬ ಗದರಿಸುತ್ತಾನೆ, ಇನ್ನೊಬ್ಬ ‘ನಿಮ್ಮನ್ನು ನೋಡಿದರೆ ಮರ್ಯಾದಸ್ಥರಂತೆ ಕಾಣುತ್ತೀರಿ’ ಎಂದು ಸಮಾಧಾನ ಮಾಡುತ್ತಾನೆ. ಹೆಚ್ಚು ಅಪಾಯಕಾರಿ ಈ ಎರಡನೆಯವನು. ಹಣವನ್ನು ಆರ್‌ಬಿಐನ ಮೇಲ್ವಿಚಾರಣೆಯ ಖಾತೆಗೆ ಹಾಕಿ, ಪರಿಶೀಲನೆ ಮುಗಿದ ಕೂಡಲೇ ಮರಳಿಸುತ್ತೇವೆ ಎಂಬ ದಾರಿ ತೋರಿಸುವವನು ಅವನೇ. ಹಾಕಿದ ಹಣ ನಿಮಿಷಗಳಲ್ಲಿ ಹತ್ತಾರು ಬಾಡಿಗೆ ಖಾತೆಗಳಿಗೆ ಚದುರಿ, ಕ್ರಿಪ್ಟೊ ರೂಪ ತಾಳಿ, ದೇಶದ ಗಡಿ ದಾಟುತ್ತದೆ.

ಇಷ್ಟೆಲ್ಲದರ ನಡುವೆ ಪದೇ ಪದೇ ಬರುವ ಆದೇಶ ಒಂದಿದೆ: ಯಾರಿಗೂ ಹೇಳಬಾರದು. ಇದು ರಾಷ್ಟ್ರೀಯ ಭದ್ರತೆಯ ವಿಷಯ, ಹೆಂಡತಿಗೆ ಹೇಳಿದರೆ ಆಕೆಯೂ ಆರೋಪಿಯಾಗುತ್ತಾಳೆ. ಕ್ಯಾಮೆರಾ ಆಫ್ ಮಾಡಬಾರದು, ಬಚ್ಚಲಿಗೆ ಹೋಗಲೂ ಅಪ್ಪಣೆ ಕೇಳಬೇಕು. ಖಾಕಿ, ಧ್ವಜ, ವಾರಂಟುಗಳೆಲ್ಲ ಇರುವುದು ಈ ಒಂದು ಆದೇಶವನ್ನು ಪಾಲಿಸುವಂತೆ ಮಾಡಲಿಕ್ಕೆ. ಮಾವನ ಮನೆಯ ಬಾಗಿಲಿಗೆ ಚಿಲಕ ಹಾಕಿಸಿದ್ದೂ ಅದೇ. ಯಾಕೆಂದರೆ ಪಕ್ಕದ ಮನೆಯವರೊಬ್ಬರು ಒಳಬಂದು ‘ಏನ್ರೀ ಇದು?’ ಎಂದು ಕೇಳಿದರೆ ಇಡೀ ನಾಟಕ ಅಲ್ಲಿಗೆ ಮುಗಿಯುತ್ತದೆ. ಕೇಳುವವರು ಬಹಳ ತಿಳಿದವರಾಗಿರಬೇಕಿಲ್ಲ, ಹೆದರಿಕೆಯೊಳಗೆ ಇಲ್ಲದವರಾಗಿದ್ದರೆ ಸಾಕು.

ಒಂಟಿತನ ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ಬೆಂಗಳೂರಿನಲ್ಲೇ ಉದಾಹರಣೆ ಇದೆ. 2025ರ ನವೆಂಬರ್‌ನಲ್ಲಿ ಬೆಳಕಿಗೆ ಬಂದ ಪ್ರಕರಣದಲ್ಲಿ ನಗರದ ಮಹಿಳೆಯೊಬ್ಬರು 187 ವರ್ಗಾವಣೆಗಳಲ್ಲಿ ಸುಮಾರು 31.83 ಕೋಟಿ ರೂಪಾಯಿ ಕಳೆದುಕೊಂಡಿದ್ದರು. ಮೊತ್ತಕ್ಕಿಂತ ಆ 187 ಎಂಬ ಸಂಖ್ಯೆ ನೋಡಿ. ಇದು ಒಂದು ಗಳಿಗೆಯ ಗಾಬರಿಯಲ್ಲಿ ಆದದ್ದಲ್ಲ. ತಿಂಗಳುಗಟ್ಟಲೆ ಊಟ, ನಿದ್ದೆ, ಕೆಲಸ ಎಲ್ಲದರ ನಡುವೆ ಆ ಸುಳ್ಳು ಪೊಲೀಸರೂ ಮನೆಯಲ್ಲೇ ಇದ್ದರು. ದಡ್ಡತನ ಎಂದು ತಳ್ಳಿಹಾಕುವವರು ಅಷ್ಟು ದಿನ ಅಷ್ಟು ದೊಡ್ಡ ಗುಟ್ಟನ್ನು ಒಬ್ಬರೇ ಹೊತ್ತು ನೋಡಲಿ.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಕೇಂದ್ರ ಸರ್ಕಾರ ರಾಜ್ಯಸಭೆಗೆ ಕೊಟ್ಟ ಉತ್ತರದಂತೆ ಡಿಜಿಟಲ್ ಬಂಧನ ಮತ್ತು ಅದಕ್ಕೆ ಹೊಂದಿಕೊಂಡ ವಂಚನೆಗಳು 2022ರಲ್ಲಿ 39,925, ನಷ್ಟ 91.14 ಕೋಟಿ ರೂಪಾಯಿ. 2024ರಲ್ಲಿ 1,23,672 ಪ್ರಕರಣ, ನಷ್ಟ 1,935.51 ಕೋಟಿ. ಪ್ರಕರಣಗಳು ಮೂರು ಪಟ್ಟಾದರೆ ನಷ್ಟ ಇಪ್ಪತ್ತೊಂದು ಪಟ್ಟು ಏರಿದೆ. ಸರಾಸರಿಯಲ್ಲಿ ಹೇಳುವುದಾದರೆ ಒಬ್ಬರಿಂದ ಸುಮಾರು 23 ಸಾವಿರ ಕೀಳುತ್ತಿದ್ದವರು ಎರಡೇ ವರ್ಷದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಕೀಳಲು ಕಲಿತರು. ಬಲೆ ದೊಡ್ಡದಾಗುವುದರ ಜೊತೆಗೆ ಯಾವ ಮೀನಿಗೆ ಎಷ್ಟು ಹೊತ್ತು ಕಾಯಬೇಕೆಂಬ ಪಾಠವೂ ಅವರಿಗೆ ಆಗಿದೆ.

ಆ ಮೀನು ಬೆಂಗಳೂರಿನಲ್ಲಿ ಹೇರಳ. ಎಚ್‌ಎಎಲ್, ಬಿಇಎಲ್, ಐಟಿಐಗಳಲ್ಲಿ ದುಡಿದು ನಿವೃತ್ತರಾದವರು, ಬ್ಯಾಂಕಿನಿಂದ ಸ್ವಯಂ ನಿವೃತ್ತಿ ಪಡೆದವರು, ಎಂಬತ್ತರ ದಶಕದಲ್ಲಿ ಕೊಂಡ ಸೈಟನ್ನು ಮಾರಿ ಠೇವಣಿ ಇಟ್ಟವರು. ಮಕ್ಕಳು ಅಮೆರಿಕದಲ್ಲಿ. ಇಲ್ಲಿ ಬೆಳಿಗ್ಗೆ ಹನ್ನೊಂದಾದಾಗ ಅಲ್ಲಿ ನಡುರಾತ್ರಿ, ಮಗನನ್ನು ಎಬ್ಬಿಸಿ ಕೇಳಲು ಸಂಕೋಚ. ಹಾಗೆಂದು ಇದು ಮುದುಕರ ಕಾಯಿಲೆ ಎಂದುಕೊಳ್ಳಬೇಡಿ. ಈ ಊರಿನ ವಕೀಲರೂ ಸಾಫ್ಟ್‌ವೇರ್ ಎಂಜಿನಿಯರ್‌ಗಳೂ ಹಣ ಕಳೆದುಕೊಂಡಿದ್ದಾರೆ. ಅದಕ್ಕೆ ನನಗೆ ತೋಚುವ ಒಂದು ಕಾರಣ ವಿಚಿತ್ರವಾದದ್ದು: ನಿಜವಾದ ಸರ್ಕಾರವೇ ಪರದೆಯೊಳಗೆ ಹೋಗಿದೆ. ಇ-ಖಾತೆಗೆ ಪರದೆ, ಆಸ್ತಿ ನೋಂದಣಿಗೆ ಪರದೆ, ಸಂಚಾರ ದಂಡಕ್ಕೆ ಪರದೆ. 2020ರ ಸಾಂಕ್ರಾಮಿಕದಿಂದೀಚೆಗೆ ಹೈಕೋರ್ಟಿನ ಕಲಾಪವೂ ವಿಡಿಯೊದಲ್ಲಿ. ಮುಖವಿಲ್ಲದ ಆಡಳಿತಕ್ಕೆ ಒಗ್ಗಿಕೊಂಡ ಊರಿಗೆ ವಿಡಿಯೊ ವಿಚಾರಣೆ ಅಸಹಜವಾಗಿ ಕಾಣುವುದಿಲ್ಲ. 2024ರಲ್ಲಿ ಲುಧಿಯಾನದ ದೊಡ್ಡ ಜವಳಿ ಉದ್ಯಮಿಯೊಬ್ಬರ ಮುಂದೆ ಸುಪ್ರೀಂ ಕೋರ್ಟಿನ ಸುಳ್ಳು ಕಲಾಪವನ್ನೇ ಏರ್ಪಡಿಸಿ ಏಳು ಕೋಟಿ ದೋಚಿದರು, ಅದರಲ್ಲಿ ಮುಖ್ಯ ನ್ಯಾಯಮೂರ್ತಿಯ ಪಾತ್ರಧಾರಿಯೂ ಇದ್ದ.

ಇನ್ನು ಭಾಷೆ. ಮಾವನಿಗೆ ಬಂದ ಕರೆ ಹಿಂದಿಯಲ್ಲಿತ್ತು. ತರಗತಿಯಲ್ಲಿ ಗಂಟೆಗಟ್ಟಲೆ ಮಾತನಾಡಬಲ್ಲ ಮನುಷ್ಯ, ಹರಕು ಹಿಂದಿಯಲ್ಲಿ ತಾನು ನಿರಪರಾಧಿ ಎಂದು ಹೇಳಹೊರಟು ತೊದಲುವ ಹುಡುಗನಂತಾಗಿದ್ದರು. ‘ಕನ್ನಡದಲ್ಲಿ ಮಾತನಾಡಿ, ಇಲ್ಲದಿದ್ದರೆ ಫೋನ್ ಇಡುತ್ತೇನೆ’ ಎನ್ನುವುದು ಭಾಷಾಭಿಮಾನದ ಮಾತಾಗಿಯಷ್ಟೇ ಅಲ್ಲ, ಆತ್ಮರಕ್ಷಣೆಯಾಗಿಯೂ ಉಪಯೋಗಕ್ಕೆ ಬರುತ್ತದೆ. ವಂಚಕರು ಕನ್ನಡ ಮಾತನಾಡುವವರನ್ನೂ ಕೆಲಸಕ್ಕೆ ಇಟ್ಟುಕೊಳ್ಳಬಹುದು ಎಂಬುದು ನಿಜ. ಆದರೆ ಕನ್ನಡದಲ್ಲಾದರೆ ಮಾವ ನಾಲ್ಕು ಪ್ರಶ್ನೆ ಕೇಳುತ್ತಿದ್ದರು.

ಈಗ ಠಾಣೆಯ ಮೆಟ್ಟಿಲು ಹತ್ತೋಣ. ಬಂಧನ ಎಂದರೇನು? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಂ ಪ್ರಕಾರ, ಬಂಧಿಸುವ ಅಧಿಕಾರಿ ವ್ಯಕ್ತಿಯ ಮೈ ಮುಟ್ಟಬೇಕು ಅಥವಾ ಅವನನ್ನು ತಡೆದು ಹಿಡಿಯಬೇಕು. ಆ ವ್ಯಕ್ತಿ ಮಾತಿನಿಂದಲೋ ನಡೆಯಿಂದಲೋ ತಾನಾಗಿ ವಶವಾದರೆ ಮಾತ್ರ ಇದಕ್ಕೆ ವಿನಾಯಿತಿ. 36ನೇ ಕಲಂ ಪ್ರಕಾರ ಅಧಿಕಾರಿಯ ಹೆಸರು ಎದ್ದು ಕಾಣುವಂತಿರಬೇಕು. ಬಂಧನದ ಪತ್ರ ಸಿದ್ಧವಾಗಬೇಕು, ಅದಕ್ಕೆ ಮನೆಯವರು ಅಥವಾ ಬಡಾವಣೆಯ ಗಣ್ಯರೊಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕು, ಬಂಧಿತನೂ ಸಹಿ ಹಾಕಬೇಕು. ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಇದನ್ನು ಸಂವಿಧಾನದ 22ನೇ ವಿಧಿಯೇ ಹೇಳುತ್ತದೆ. ಅಂದರೆ ನಿಜವಾದ ಬಂಧನವನ್ನು ನೆಂಟರಿಗೂ ನೆರೆಯವರಿಗೂ ತಿಳಿಯುವಂತೆ ಮಾಡುವುದೇ ಕಾನೂನಿನ ಉದ್ದೇಶ. ಯಾರಿಗೂ ಹೇಳಬೇಡ ಎನ್ನುವ ಬಂಧನ ಈ ಕಾನೂನಿಗೆ ನೇರ ವಿರುದ್ಧ. ವಿಚಾರಣೆಗೆ ಬರಬೇಕೆಂದು 35ನೇ ಕಲಮಿನಡಿ ಕೊಡುವ ನೋಟಿಸನ್ನು ವಾಟ್ಸ್‌ಆಪಿನಲ್ಲಿ ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಬೇರೆ ರಾಜ್ಯದ ಪೊಲೀಸರು ಇಲ್ಲಿಂದ ಒಬ್ಬರನ್ನು ಕರೆದೊಯ್ಯುವುದಿದ್ದರೆ ಇಲ್ಲಿಗೇ ಬರಬೇಕು, ಇಲ್ಲಿನ ಮ್ಯಾಜಿಸ್ಟ್ರೇಟರಿಂದ ಟ್ರಾನ್ಸಿಟ್ ಆದೇಶ ಪಡೆಯುವುದು ಕ್ರಮ. ಮೊಕದ್ದಮೆ ಇದ್ದರೆ ಅದಕ್ಕೆ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ, ಇ-ಕೋರ್ಟ್ಸ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ತನಿಖೆಗಾಗಿ ನಿಮ್ಮ ಠೇವಣಿಯನ್ನು ಇನ್ನೊಂದು ಖಾತೆಗೆ ಹಾಕಿಸಿಕೊಳ್ಳುವ ಪದ್ಧತಿ ಯಾವ ಕಾನೂನಿನಲ್ಲೂ ಇಲ್ಲ. ಸಂಶಯವಿದ್ದರೆ ತನಿಖಾಧಿಕಾರಿ ಖಾತೆಯನ್ನು ಇದ್ದಲ್ಲೇ ಸ್ತಂಭನಗೊಳಿಸುವಂತೆ ಬ್ಯಾಂಕಿಗೆ ಬರೆಯುತ್ತಾನೆ. ಅದಕ್ಕೆ ನಿಮ್ಮ ಒಪ್ಪಿಗೆಯೂ ಬೇಡ, ಒಟಿಪಿಯೂ ಬೇಡ.

ಇದನ್ನೆಲ್ಲ ಬಾಯಿಪಾಠ ಮಾಡಿದರೂ ಆ ಹೊತ್ತಿನಲ್ಲಿ ನೆನಪಾಗುತ್ತದೆಂಬ ಭರವಸೆ ನನಗಿಲ್ಲ. ಪ್ರಧಾನಿಯ ಸಲಹೆ ‘ನಿಲ್ಲಿ, ಯೋಚಿಸಿ, ಕ್ರಮ ಕೈಗೊಳ್ಳಿ’ ಎಂದಿತ್ತು. ಇದರಲ್ಲಿ ನನಗಿರುವ ತಕರಾರು ಒಂದೇ, ಆ ಹೊತ್ತಿನಲ್ಲಿ ಒಬ್ಬರೇ ಯೋಚಿಸಲು ಆಗುವುದಿಲ್ಲ. ಆದ್ದರಿಂದ ನಮ್ಮ ಮನೆಯಲ್ಲಿ ಯೋಚನೆ ಬೇಡದ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ. ಇಪ್ಪತ್ತೈದು ಸಾವಿರಕ್ಕಿಂತ ಹೆಚ್ಚಿನ ಮೊತ್ತ ಯಾರಿಗೆ ಹೋದರೂ ಇನ್ನೊಬ್ಬರಿಗೆ ಬಾಯಿಮಾತಿನಲ್ಲಿ ತಿಳಿಸಿಯೇ ಹೋಗಬೇಕು. ಅಧಿಕಾರಿ ಎಂದವನಿಗೆ ಒಂದೇ ಉತ್ತರ: ‘ನಮ್ಮ ಬಡಾವಣೆಯ ಠಾಣೆಗೆ ಬರುತ್ತೇನೆ, ಅಲ್ಲಿ ಮಾತನಾಡೋಣ.’ ಹೇಳಿ ಫೋನ್ ಇಡುವುದು. ಅಸಲಿಯಾದರೆ ಅವನಿಗೆ ಠಾಣೆಯ ದಾರಿ ಗೊತ್ತಿರುತ್ತದೆ. ಒಂಟಿಯಾಗಿರುವ ಹಿರಿಯರು ಬೆಂಗಳೂರಿನ ಹಿರಿಯರ ಸಹಾಯವಾಣಿ 1090ಕ್ಕೋ 112ಕ್ಕೋ ಕರೆ ಮಾಡಬಹುದು. ಅನುಮಾನದ ಕರೆಯನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ ‘ಚಕ್ಷು’ ವಿಭಾಗದಲ್ಲಿ ವರದಿ ಮಾಡಬಹುದು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದೂ ಅದೇ ತಾಣದಲ್ಲಿ ಸಿಗುತ್ತದೆ.

ಹಣ ಹೋಗಿಯೇಬಿಟ್ಟಿದ್ದರೆ ಮೊದಲು ಮಾಡಬೇಕಾದ ಕರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ. ನಾಳೆ ನೋಡೋಣ ಎಂದು ಕುಳಿತರೆ ಖಾತೆಯಿಂದ ಖಾತೆಗೆ ಹಾರುತ್ತಿರುವ ಹಣವನ್ನು ಮಧ್ಯದಲ್ಲಿ ತಡೆಯುವ ಅವಕಾಶ ಕೈತಪ್ಪುತ್ತದೆ. ವರ್ಗಾವಣೆಯ ಸಂಖ್ಯೆ, ಸಮಯ, ಮೊತ್ತ ಎದುರಿಗಿರಲಿ. ಆಮೇಲೆ ಬ್ಯಾಂಕಿಗೆ ಲಿಖಿತ ದೂರು, ಹತ್ತಿರದ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆ ಅಥವಾ ಯಾವುದೇ ಠಾಣೆ. ಇಲ್ಲಿ ಒಂದು ಕಹಿ ಸಂಗತಿಯನ್ನೂ ಹೇಳಬೇಕು. ಗ್ರಾಹಕನ ಅರಿವಿಲ್ಲದೆ ನಡೆದ ವಹಿವಾಟಿಗೆ ರಕ್ಷಣೆ ಕೊಡುವ ಆರ್‌ಬಿಐನ ನಿಯಮ ಇಲ್ಲಿ ಸಾಮಾನ್ಯವಾಗಿ ನೆರವಿಗೆ ಬರುವುದಿಲ್ಲ, ಏಕೆಂದರೆ ಹಣ ಕಳಿಸಿದ್ದು ಗ್ರಾಹಕನೇ. ಹೀಗಾಗಿ ಕೊನೆಯ ಬೇಲಿ ಬ್ಯಾಂಕಿನ ಶಾಖೆ. ಎಪ್ಪತ್ತು ದಾಟಿದವರು ಬೆವರುತ್ತ ಬಂದು ಹತ್ತು ವರ್ಷದ ಠೇವಣಿಯನ್ನು ಇವತ್ತೇ ಮುರಿಯಿರಿ ಎಂದಾಗ ಕೌಂಟರಿನವರು ಕುರ್ಚಿ ಕೊಟ್ಟು ಎರಡು ಮಾತು ಕೇಳಬೇಕು. ಹೈದರಾಬಾದಿನ ಎಸ್‌ಬಿಐ ಶಾಖೆಯೊಂದರ ಸಿಬ್ಬಂದಿ 2024ರಲ್ಲಿ ಹೀಗೆ ಕೇಳಿಯೇ ವೃದ್ಧ ಗ್ರಾಹಕರೊಬ್ಬರ ಉಳಿತಾಯವನ್ನು ಉಳಿಸಿದರು. ಕೇಳಿದರೆ ಗ್ರಾಹಕರು ಸಿಟ್ಟಾಗುತ್ತಾರೆ ಎಂಬ ನೆಪವನ್ನು ನಾನು ಒಪ್ಪಲಾರೆ. ವಿಮೆ ಮಾರುವಾಗ ಆ ಸಂಕೋಚ ಕಾಣುವುದಿಲ್ಲವಲ್ಲ. ಕಳೆದುಹೋದ ಹಣವನ್ನು ಮರಳಿ ಕೊಡಿಸುತ್ತೇವೆ ಎಂದು ಕೆಲ ವಾರಗಳ ಬಳಿಕ ‘ಸೈಬರ್ ಅಧಿಕಾರಿ’ಗಳಿಂದ ಬರುವ ಕರೆಯೂ ಅದೇ ಅಂಗಡಿಯ ಸರಕು.

ಕರೆ ಮಾಡುವವರು ಎಲ್ಲಿದ್ದಾರೆ? ಹೆಚ್ಚಿನ ಜಾಡು ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್‌ಗಳ ಬೇಲಿ ಹಾಕಿದ ಆವರಣಗಳಿಗೆ ಹೋಗುತ್ತದೆ. ಅಲ್ಲಿ ಕುಳಿತವರಲ್ಲಿ ಕೆಲಸದ ಆಸೆಗೆ ಹೋಗಿ, ಪಾಸ್‌ಪೋರ್ಟ್ ಕಿತ್ತುಕೊಂಡ ಮೇಲೆ ಹಿಂದಿರುಗಲಾರದ ಭಾರತೀಯ ಹುಡುಗರೂ ಇದ್ದಾರೆ. ಆದರೆ ನಾವೇನೂ ಬರೀ ಬೇಟೆಯಲ್ಲ. 2025ರ ಅಕ್ಟೋಬರ್‌ನಲ್ಲಿ ಎಚ್‌ಎಸ್‌ಆರ್ ಲೇಔಟ್‌ನ ಕಚೇರಿಯೊಂದರ ಮೇಲೆ ಪೊಲೀಸರು ದಾಳಿ ಮಾಡಿದಾಗ, ಅಲ್ಲಿಂದ ಅಮೆರಿಕದವರಿಗೆ ಅವರದೇ ಸರ್ಕಾರದ ಅಧಿಕಾರಿಗಳ ಸೋಗಿನಲ್ಲಿ ಕರೆ ಹೋಗುತ್ತಿದ್ದದ್ದು ಪತ್ತೆಯಾಯಿತು. ಅಮೆರಿಕದಲ್ಲಿಯೂ ಯಾರೋ ಮೇಷ್ಟ್ರೊಬ್ಬರು ಒಳ್ಳೆಯ ಅಂಗಿ ತೊಟ್ಟಿರಬೇಕು.

ಹರಿಯಾಣದ ಅಂಬಾಲಾದ ವೃದ್ಧ ದಂಪತಿಗೆ ಸುಪ್ರೀಂ ಕೋರ್ಟಿನದೇ ಸುಳ್ಳು ಆದೇಶ ತೋರಿಸಿ ದೋಚಿದ ಮೇಲೆ, ಆ ನ್ಯಾಯಾಲಯ 2025ರ ಅಕ್ಟೋಬರ್‌ನಲ್ಲಿ ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೆತ್ತಿಕೊಂಡು ಡಿಸೆಂಬರ್ 1ರಂದು ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಸುಳ್ಳು ಸಿಬಿಐಯನ್ನು ಅಸಲಿ ಸಿಬಿಐ ಹುಡುಕುವ ಕಾಲ.

ಮಾವನನ್ನು ಮರುದಿನ ಠಾಣೆಗೆ ಕರೆದುಕೊಂಡು ಹೋದೆ. ಹಣ ಹೋಗಿಲ್ಲವಲ್ಲ, ಯಾಕೆ ಸುಮ್ಮನೆ ಎಂದು ದಾರಿಯುದ್ದಕ್ಕೂ ಗೊಣಗಿದರು. ಎಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಹತ್ತುತ್ತಿರುವ ಮೆಟ್ಟಿಲು. ಅಲ್ಲಿ ಧ್ವಜದ ಹಿನ್ನೆಲೆ ಇರಲಿಲ್ಲ, ಗೋಡೆಯ ಮೇಲೆ ಗಣೇಶನ ಕ್ಯಾಲೆಂಡರ್ ಇತ್ತು. ಯಾರೂ ಗದರಿಸಲಿಲ್ಲ, ವಿಶೇಷವಾಗಿ ಗಮನಿಸಲೂ ಇಲ್ಲ. ಇಪ್ಪತ್ತು ನಿಮಿಷ ಬೆಂಚಿನ ಮೇಲೆ ಕುಳಿತ ಮೇಲೆ ಒಬ್ಬ ಕಾನ್‌ಸ್ಟೆಬಲ್ ಬಿಳಿ ಹಾಳೆ ಕೊಟ್ಟು ನಡೆದದ್ದನ್ನು ಕನ್ನಡದಲ್ಲೇ ಬರೆಯಿರಿ ಎಂದರು. ಮಾವ ಎರಡು ಪುಟ ಬರೆದು, ಒಂದು ಕಡೆ ಒತ್ತಕ್ಷರ ತಪ್ಪಿತೆಂದು ಇನ್ನೊಂದು ಹಾಳೆ ಕೇಳಿ ಮತ್ತೆ ಬರೆದರು. ಓದಿ ತಲೆಯಾಡಿಸಿದ ಕಾನ್‌ಸ್ಟೆಬಲ್, ಎದುರು ರಸ್ತೆಯ ಅಂಗಡಿಯಲ್ಲಿ ಎರಡು ಜೆರಾಕ್ಸ್ ಮಾಡಿಸಿಕೊಂಡು ಬನ್ನಿ ಸರ್ ಎಂದರು. ಅಂಗಡಿಯಲ್ಲಿ ಕರೆಂಟ್ ಇರಲಿಲ್ಲ. ಬರುವವರೆಗೂ ಅಲ್ಲೇ ನಿಂತು ಟೀ ಕುಡಿದೆವು.